ದಪ್ಪ ಮಾಡಿದ ಮಾತ್ರಕ್ಕೆ ತಲೆಬರಹವಲ್ಲ

ಮಹಾಪ್ರಬಂಧ ಸಲ್ಲಿಸುವ ದಿನದ ಹಿಂದಿನ ಸಂಜೆ ಯಾವುದಾದರೂ ವಿಶ್ವವಿದ್ಯಾಲಯದ ಗೇಟಿನೆದುರಿನ ಡಿಟಿಪಿ ಅಂಗಡಿಗೆ ಹೋಗಿ ನೋಡಬೇಕು. ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಸಂಶೋಧನಾ ವಿದ್ಯಾರ್ಥಿ, ಕೀಬೋರ್ಡಿನ ಮುಂದೆ ಆಪರೇಟರ್, ಇಬ್ಬರ ನಡುವೆ ಆರಿಹೋದ ಚಹಾ. ಎರಡನೇ ಅಧ್ಯಾಯಕ್ಕೆ ಇನ್ನೆರಡು ಪುಟ ಸೇರಿಸಿ ಅಂತ ಮಾರ್ಗದರ್ಶಕರು ಮಧ್ಯಾಹ್ನ ಹೇಳಿದ್ದಾರೆ, ಸೇರಿಸಿದ್ದೂ ಆಗಿದೆ. ಉಳಿದಿರುವುದು ಪರಿವಿಡಿ. ಎರಡನೇ ಅಧ್ಯಾಯದ ನಂತರದ ಪುಟಸಂಖ್ಯೆಗಳೆಲ್ಲ ಈಗ ಸುಳ್ಳು.

ವಿದ್ಯಾರ್ಥಿ ಮೌಸ್ ಹಿಡಿದು ಇನ್ನೂರೈವತ್ತು ಪುಟ ಉರುಳಿಸುತ್ತಾ ಹೋಗುತ್ತಾನೆ. ತಲೆಬರಹ ಕಂಡಲ್ಲಿ ನಿಲ್ಲುತ್ತಾನೆ. 'ಮೂರು ಪಾಯಿಂಟ್ ಎರಡು, ತೊಂಬತ್ತೆಂಟು' ಎಂದು ಕೂಗುತ್ತಾನೆ. ಆಪರೇಟರ್ ಇನ್ನೊಂದು ಕಂಪ್ಯೂಟರಿನಲ್ಲಿ ಹಳೆಯ 96 ಅಳಿಸಿ 98 ಕುಟ್ಟುತ್ತಾನೆ. ತಲೆಬರಹಕ್ಕೂ ಸಂಖ್ಯೆಗೂ ನಡುವೆ ಕೈಯಾರೆ ಒತ್ತಿಟ್ಟ ಚುಕ್ಕಿಗಳ ಸಾಲಿದೆ. 99 ಹೋಗಿ 101 ಬಂದ ಕಡೆ ಒಂದಂಕಿ ಹೆಚ್ಚಾಗಿ ಚುಕ್ಕಿಗಳು ಮುಂದಿನ ಸಾಲಿಗೆ ಜಾರುತ್ತವೆ. ನಾಲ್ಕು ಚುಕ್ಕಿ ಅಳಿಸಿದರೆ ಸಾಲು ಮೇಲೆ ಬರುತ್ತದೆ, ಆದರೆ ಸಂಖ್ಯೆಗಳು ಒಂದರ ಕೆಳಗೊಂದು ಕೂರುವುದಿಲ್ಲ. ರಾತ್ರಿ ಹತ್ತಾದರೂ ಐದನೇ ಅಧ್ಯಾಯ ದಾಟಿರುವುದಿಲ್ಲ.

ಅದೇ ಕಂಪ್ಯೂಟರಿನಲ್ಲಿ ಅದೇ ವರ್ಡ್ ತಂತ್ರಾಂಶ ಈ ಕೆಲಸವನ್ನು ಎಫ್9 ಎಂಬ ಒಂದು ಕೀಲಿ ಒತ್ತಿದರೆ ಮಾಡುತ್ತದೆ. ಕಣ್ಣು ಮಿಟುಕಿಸುವುದರೊಳಗೆ, ಒಂದು ತಪ್ಪೂ ಇಲ್ಲದೆ. ಷರತ್ತು ಒಂದೇ. ಯಾವ ಸಾಲು ತಲೆಬರಹ ಎಂಬುದನ್ನು ಯಾರಾದರೂ ಅದಕ್ಕೆ ಮೊದಲೇ ಹೇಳಿರಬೇಕು.

'ಹೇಳಿದ್ದೇವಲ್ಲ, ಬೋಲ್ಡ್ ಮಾಡಿ ಹದಿನಾರು ಸೈಜ್ ಕೊಟ್ಟಿದ್ದೇವೆ' ಎನ್ನುವುದು ಎಲ್ಲ ಅಂಗಡಿಗಳ, ಎಲ್ಲ ಕಚೇರಿಗಳ ಉತ್ತರ. ತಪ್ಪಿರುವುದು ಅಲ್ಲೇ. ದಪ್ಪಕ್ಷರ, ದೊಡ್ಡ ಗಾತ್ರ, ಅಡಿಗೆರೆ, ನಡುವೆ ಜೋಡಿಸುವುದು ಇವೆಲ್ಲ ಮನುಷ್ಯರ ಕಣ್ಣಿಗೆ ಕೊಟ್ಟ ಸನ್ನೆಗಳು. ಕಂಪ್ಯೂಟರಿಗೆ ಕಣ್ಣಿಲ್ಲ. ಅದರ ಪಾಲಿಗೆ ದಪ್ಪನೆಯ ಸಾಲು ದಪ್ಪನೆಯ ಸಾಲಷ್ಟೇ. ಅದು ಅಧ್ಯಾಯದ ಹೆಸರೋ, ಸಿಟ್ಟಿನಲ್ಲಿ ಒತ್ತಿ ಬರೆದ ಎಚ್ಚರಿಕೆಯೋ, ಮದುವೆ ಕರೆಯೋಲೆಯ ವರನ ಹೆಸರೋ ಅದಕ್ಕೆ ಗೊತ್ತಾಗುವುದಿಲ್ಲ.

ಇದು ಬರೀ ಹೋಲಿಕೆಯ ಮಾತಲ್ಲ, ಕಡತವನ್ನು ಬಿಚ್ಚಿಯೇ ನೋಡಬಹುದು. ಇವತ್ತಿನ ವರ್ಡ್ ಕಡತ ಹೊರಗಿನಿಂದ ಒಂದೇ ಫೈಲಿನಂತೆ ಕಂಡರೂ ನಿಜದಲ್ಲಿ ಅದೊಂದು ಜಿಪ್ ಗಂಟು. ಕಡತದ ಒಂದು ಪ್ರತಿ ಮಾಡಿಕೊಂಡು, ಹೆಸರಿನ ಕೊನೆಯ ಡಾಕ್ಸ್ ಎಂಬುದನ್ನು ಜಿಪ್ ಎಂದು ಬದಲಿಸಿ ತೆರೆದರೆ ಒಳಗೆ ಕೆಲವು ಫೋಲ್ಡರುಗಳು ಸಿಗುತ್ತವೆ. ಅವುಗಳಲ್ಲೊಂದರಲ್ಲಿ ಡಾಕ್ಯುಮೆಂಟ್ ಎಂಬ ಎಕ್ಸ್‌ಎಂಎಲ್ ಫೈಲಿದೆ. ಬರೆದದ್ದೆಲ್ಲ ಇರುವುದು ಅದರೊಳಗೆ. ಕೈಯಾರೆ ದಪ್ಪ ಮಾಡಿದ ಸಾಲಿನ ಪಕ್ಕ ಅಲ್ಲಿ ರೂಪದ ಟಿಪ್ಪಣಿಗಳಷ್ಟೇ: ಬೋಲ್ಡ್ ಎಂಬುದಕ್ಕೆ ಒಂದು ಬಿ, ಗಾತ್ರಕ್ಕೆ 32 ಎಂಬ ಅಂಕಿ. (ಹದಿನಾರು ಹೇಗೆ ಮೂವತ್ತೆರಡಾಯಿತು ಎಂದರೆ, ವರ್ಡ್ ಒಳಗೊಳಗೆ ಅರ್ಧ ಪಾಯಿಂಟಿನ ಲೆಕ್ಕದಲ್ಲಿ ಅಳೆಯುತ್ತದೆ.) ಇದು ತಲೆಬರಹ ಎಂದು ಹೇಳುವ ಪದ ಎಲ್ಲೂ ಇಲ್ಲ. ಸ್ಟೈಲ್ ಹಚ್ಚಿದ ಸಾಲಿನ ಪಕ್ಕದಲ್ಲಾದರೆ 'ಹೆಡಿಂಗ್1' ಎಂಬ ಹೆಸರು ಸ್ಪಷ್ಟವಾಗಿರುತ್ತದೆ. ಆ ಹೆಸರಿದ್ದರೆ ಪರಿವಿಡಿ, ಇಲ್ಲದಿದ್ದರೆ ರಾತ್ರಿ ಹತ್ತರವರೆಗೆ ಕೂಗಾಟ.

ಸ್ಟೈಲ್ ಎಂದರೆ ಶೋಕಿ ಎಂದುಕೊಂಡವರೇ ಹೆಚ್ಚು. ವರ್ಡ್ ತೆರೆದಾಗ ಮೇಲಿನ ಪಟ್ಟಿಯ ಬಲಭಾಗದಲ್ಲಿ ನಾರ್ಮಲ್, ಹೆಡಿಂಗ್ 1, ಹೆಡಿಂಗ್ 2 ಎಂದು ಸಾಲಾಗಿ ಕೂತಿರುವ ಚೌಕಗಳನ್ನು ಜನ ವರ್ಷಗಟ್ಟಲೆ ನೋಡಿರುತ್ತಾರೆ, ಒತ್ತಿರುವುದಿಲ್ಲ. ಅದರಲ್ಲಿ ಅವರ ತಪ್ಪು ಅರ್ಧವೇ. ಕುತೂಹಲಕ್ಕೆ ಒಮ್ಮೆ ಹೆಡಿಂಗ್ 1 ಒತ್ತಿದವರಿಗೆ ಸಾಲು ನೀಲಿಯಾಗಿ, ಅಕ್ಷರದ ಮೋರೆಯೇ ಬದಲಾಗಿ ಕಾಣುತ್ತದೆ. 'ಇದೇನಪ್ಪಾ' ಎಂದು ಕಂಟ್ರೋಲ್ ಝಡ್ ಒತ್ತಿ ವಾಪಸು ಬರುತ್ತಾರೆ, ಮತ್ತೆಂದೂ ಆ ಕಡೆ ಸುಳಿಯುವುದಿಲ್ಲ. ಈ ನೀಲಿ ಬಣ್ಣದಿಂದಲೇ ಒಂದು ತಲೆಮಾರು ಈ ಸೌಲಭ್ಯದಿಂದ ದೂರ ಉಳಿಯಿತು ಎಂದರೆ ಉತ್ಪ್ರೇಕ್ಷೆ ಅನಿಸಬಹುದು, ಆದರೆ ತೀರಾ ದೂರದ ಮಾತಲ್ಲ.

ಆ ನೀಲಿಗೆ ಮದ್ದು ಸುಲಭ. ಒಂದೇ ಒಂದು ತಲೆಬರಹವನ್ನು ತಮಗೆ ಬೇಕಾದಂತೆ ಮಾಡಿಕೊಳ್ಳಬೇಕು: ಕಪ್ಪು ಬಣ್ಣ, ಬೇಕಾದ ಫಾಂಟು, ಬೇಕಾದ ಗಾತ್ರ. ಆ ಸಾಲನ್ನು ಆರಿಸಿಕೊಂಡು, ಹೆಡಿಂಗ್ 1 ಚೌಕದ ಮೇಲೆ ಮೌಸಿನ ಬಲಗುಂಡಿ ಒತ್ತಿದರೆ, ಆರಿಸಿದ ಸಾಲಿಗೆ ತಕ್ಕಂತೆ ಹೆಡಿಂಗ್ 1 ಅನ್ನು ಬದಲಿಸು ಎಂಬ ಆಯ್ಕೆ ಮೊದಲಿಗೇ ಸಿಗುತ್ತದೆ. ಅದನ್ನು ಒತ್ತಿದರೆ ಮುಗಿಯಿತು. ಮುಂದೆ ಆ ಕಡತದಲ್ಲಿ ಹೆಡಿಂಗ್ 1 ಎಂದರೆ ಅದೇ ರೂಪ. ನಾಳೆ ಮಾರ್ಗದರ್ಶಕರಿಗೆ ಹದಿನಾರು ದೊಡ್ಡದಾಯಿತು, ಹದಿನಾಲ್ಕು ಸಾಕು ಅನಿಸಿದರೆ ಒಂದು ಕಡೆ ಬದಲಿಸಿದರಾಯಿತು, ಎಪ್ಪತ್ತು ತಲೆಬರಹಗಳೂ ಒಟ್ಟಿಗೆ ಬದಲಾಗುತ್ತವೆ. ಮೌಸು ಬೇಡದವರಿಗೆ ಕಂಟ್ರೋಲ್, ಆಲ್ಟ್ ಎರಡನ್ನೂ ಒತ್ತಿಹಿಡಿದು 1 ಒತ್ತಿದರೆ ಅಧ್ಯಾಯದ ಹೆಸರು, 2 ಒತ್ತಿದರೆ ಉಪಶೀರ್ಷಿಕೆ, 3 ಒತ್ತಿದರೆ ಅದರೊಳಗಿನದು. ವರ್ಡ್‌ನಲ್ಲಿ ಇಂಥ ಒಂಬತ್ತು ಹಂತಗಳಿವೆ. ಒಂಬತ್ತೂ ಬೇಕಾದವರು ಬರೆಯುವುದನ್ನು ನಿಲ್ಲಿಸಿ ಸ್ವಲ್ಪ ಯೋಚಿಸುವುದು ಒಳ್ಳೆಯದು.

ಪರಿವಿಡಿ ಇದರ ಲಾಭಗಳಲ್ಲಿ ಚಿಕ್ಕದು. ದೊಡ್ಡ ಲಾಭ ಬರೆಯುವಾಗಲೇ ಸಿಗುತ್ತದೆ, ಓಡಾಟದಲ್ಲಿ. ವ್ಯೂ ಪಟ್ಟಿಯಲ್ಲಿ ನ್ಯಾವಿಗೇಷನ್ ಪೇನ್ ಎಂಬುದಕ್ಕೆ ಗುರುತು ಹಾಕಿದರೆ ಎಡಗಡೆ ಒಂದು ಕಿಟಕಿ ತೆರೆದು ತಲೆಬರಹಗಳೆಲ್ಲ ಮೆಟ್ಟಿಲುಮೆಟ್ಟಿಲಾಗಿ ನಿಲ್ಲುತ್ತವೆ. ಬೇಕಾದದ್ದನ್ನು ಒತ್ತಿದರೆ ಆ ಜಾಗದಲ್ಲಿ ಇಳಿದಾಯಿತು. ಇನ್ನೂರು ಪುಟ ಉರುಳಿಸುವುದಿಲ್ಲ, 'ಆ ಭಾಗ ಎಲ್ಲಿತ್ತು' ಎಂದು ತಡಕಾಡುವುದಿಲ್ಲ. 2010ರ ಆವೃತ್ತಿಗಿಂತ ಮೊದಲು ಇದನ್ನು ಡಾಕ್ಯುಮೆಂಟ್ ಮ್ಯಾಪ್ ಎನ್ನುತ್ತಿದ್ದರು. ನಕ್ಷೆ ಎಂಬ ಆ ಹೆಸರೇ ಚೆನ್ನಾಗಿತ್ತು.

ನಕ್ಷೆಯಲ್ಲಿ ಊರು ತೋರಿಸಬಹುದು, ಊರನ್ನು ಎತ್ತಿಡಲಾಗದು. ಇಲ್ಲಿ ಅದೂ ಆಗುತ್ತದೆ. ಕಿಟಕಿಯಲ್ಲಿರುವ ನಾಲ್ಕನೇ ಅಧ್ಯಾಯದ ಹೆಸರನ್ನು ಹಿಡಿದು ಎರಡನೆಯದರ ಮೇಲಕ್ಕೆ ಎಳೆದುಬಿಟ್ಟರೆ ಅದರ ಅಡಿಯಲ್ಲಿದ್ದ ನಲವತ್ತು ಪುಟ, ಉಪಶೀರ್ಷಿಕೆ, ಕೋಷ್ಟಕ, ಅಡಿಟಿಪ್ಪಣಿ ಎಲ್ಲ ಜೊತೆಗೇ ಬರುತ್ತವೆ. ಕತ್ತರಿಸಿ ಅಂಟಿಸುವಾಗ ಕೊನೆಯ ಪ್ಯಾರಾ ಹಳೆಯ ಜಾಗದಲ್ಲೇ ಉಳಿದುಹೋಗುವ ಭಯ ಇಲ್ಲ. ಹುಡುಕುವಾಗ ಇನ್ನೊಂದು ಉಪಕಾರವಿದೆ. ಇದೇ ಕಿಟಕಿಯ ಮೇಲ್ಭಾಗದ ಪೆಟ್ಟಿಗೆಯಲ್ಲಿ 'ವಚನ' ಎಂದು ಬರೆದರೆ ಆ ಪದ ಇರುವ ಭಾಗಗಳ ತಲೆಬರಹಗಳಷ್ಟೇ ಹಳದಿಯಾಗುತ್ತವೆ. ಆರು ಅಧ್ಯಾಯದ ಪುಸ್ತಕದಲ್ಲಿ ವಚನದ ಚರ್ಚೆ ಯಾವೆರಡು ಕಡೆ ಚದುರಿಹೋಗಿದೆ ಎಂಬುದು ಒಂದೇ ನೋಟಕ್ಕೆ ಕಾಣುತ್ತದೆ. ಬರವಣಿಗೆಯ ಹೆಣಿಗೆ ಸಡಿಲವಾಗಿರುವುದನ್ನು ಇಷ್ಟು ಬೇಗ ತೋರಿಸಿಕೊಡುವ ವಿಮರ್ಶಕ ಸಿಗುವುದು ಕಷ್ಟ.

ದುಡ್ಡು ಕೊಡದೆ ಸಿಗುವ ಲಿಬ್ರೆ ಆಫೀಸಿನಲ್ಲೂ ಇದೆಲ್ಲ ಇದೆ. ಕನ್ನಡದ ಮೆನುಗಳೊಂದಿಗೂ ಸಿಗುವ ತಂತ್ರಾಂಶ ಅದು. ಅಲ್ಲಿ ಎಫ್5 ಒತ್ತಿದರೆ ನ್ಯಾವಿಗೇಟರ್, ಎಫ್11 ಒತ್ತಿದರೆ ಸ್ಟೈಲುಗಳ ಪಟ್ಟಿ. ಕಂಟ್ರೋಲ್ ಜೊತೆ 1 ಒತ್ತಿದರೆ ಮೊದಲ ಹಂತದ ತಲೆಬರಹ. ಗೂಗಲ್ ಡಾಕ್ಸಿನಲ್ಲಿ ಎಡಗಡೆ ಇಂಥದೇ ಪಟ್ಟಿ ತಾನಾಗಿ ಮೂಡುತ್ತದೆ, ಕೀಲಿಗಳು ವರ್ಡ್‌ನವೇ.

ಹೊಸದಾಗಿ ಬಂದ ಸೌಲಭ್ಯ, ಇನ್ನೂ ರೂಢಿಯಾಗಿಲ್ಲ ಎನ್ನೋಣವೆಂದರೆ ಅದಕ್ಕೂ ಎಡೆಯಿಲ್ಲ. 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೊದ ಒಂದು ಸಭಾಂಗಣದಲ್ಲಿ ಡಗ್ಲಸ್ ಎಂಗೆಲ್‌ಬಾರ್ಟ್ ಎಂಬ ವಿಜ್ಞಾನಿ ಸುಮಾರು ತೊಂಬತ್ತು ನಿಮಿಷಗಳ ಪ್ರಾತ್ಯಕ್ಷಿಕೆ ಕೊಟ್ಟರು. ಮೌಸ್ ಎಂಬ ವಸ್ತುವನ್ನು ಜಗತ್ತು ನೋಡಿದ್ದು ಅಲ್ಲಿ ಎಂದು ಅದನ್ನು ನೆನೆಯುತ್ತಾರೆ. ಆದರೆ ಆ ಮೌಸ್ ಹಿಡಿದು ಅವರು ಮಾಡಿದ್ದೇನು ಎಂಬುದು ಅಷ್ಟೇ ಸ್ವಾರಸ್ಯದ್ದು. ಮನೆಗೆ ತರಬೇಕಾದ ಅಂಗಡಿ ಸಾಮಾನಿನ ಚೀಟಿಯೊಂದನ್ನು ಪರದೆಯ ಮೇಲೆ ಬರೆದು, ಸಾಮಾನುಗಳನ್ನು ಬಗೆಬಗೆಯ ಗುಂಪುಗಳ ಅಡಿಗೆ ಸರಿಸಿದರು. ಆಮೇಲೆ ಒಳಗಿನ ಸಾಲುಗಳನ್ನು ಮಡಚಿ ಗುಂಪುಗಳ ಹೆಸರಷ್ಟೇ ಕಾಣುವಂತೆ ಮಾಡಿದರು, ಮತ್ತೆ ಬಿಚ್ಚಿದರು. ಬರಹಕ್ಕೆ ಹಂತಗಳಿವೆ, ಆ ಹಂತಗಳು ಯಂತ್ರಕ್ಕೂ ತಿಳಿದಿರಬೇಕು ಎಂಬ ವಿಚಾರ ಆ ದಿನಸಿ ಚೀಟಿಯಲ್ಲೇ ಇತ್ತು.

ವರ್ಡ್‌ಗೆ ಇದು ಬಂದದ್ದು ಬೇರೊಂದು ಮನೆಯಿಂದ. ಕ್ಯಾಲಿಫೋರ್ನಿಯಾದ ಝೆರಾಕ್ಸ್ ಪಾರ್ಕ್ ಸಂಶೋಧನಾಲಯದಲ್ಲಿ 1974ರಲ್ಲಿ ಬಟ್ಲರ್ ಲ್ಯಾಂಪ್ಸನ್, ಚಾರ್ಲ್ಸ್ ಸಿಮೋನಿ ಮತ್ತು ಗೆಳೆಯರು ಬ್ರಾವೋ ಎಂಬ ತಂತ್ರಾಂಶ ಕಟ್ಟಿದ್ದರು. ಪರದೆಯ ಮೇಲೆ ಕಂಡದ್ದೇ ಕಾಗದದ ಮೇಲೆ ಬರುತ್ತದೆ ಎಂಬುದು ಅದರ ಹೆಗ್ಗಳಿಕೆ. ಹಂಗೇರಿಯಲ್ಲಿ ಹುಟ್ಟಿದ ಸಿಮೋನಿ 1981ರಲ್ಲಿ ಮೈಕ್ರೋಸಾಫ್ಟ್ ಸೇರಿದರು. 1983ರಲ್ಲಿ ವರ್ಡ್ ಹೊರಬಂತು. ಡಾಸ್ ಕಾಲದ ಆ ವರ್ಡ್‌ನಲ್ಲೇ ಸ್ಟೈಲ್ ಶೀಟ್ ಇತ್ತು. ಅಂದರೆ ಈ ಸೌಲಭ್ಯಕ್ಕೆ ನಾಲ್ಕು ದಶಕ ದಾಟಿದೆ. ಸಿಮೋನಿ ಮುಂದೆ 2007ರಲ್ಲೂ 2009ರಲ್ಲೂ ಸ್ವಂತ ಖರ್ಚಿನಲ್ಲಿ ಬಾಹ್ಯಾಕಾಶಕ್ಕೆ ಹೋಗಿಬಂದರು. ನಮ್ಮ ಡಿಟಿಪಿ ಅಂಗಡಿಗಳು ಇನ್ನೂ ಚುಕ್ಕಿ ಒತ್ತುತ್ತಿವೆ.

ಬ್ರಾವೋದ ಹೆಗ್ಗಳಿಕೆಯಲ್ಲೇ ಒಂದು ಬಲೆಯೂ ಇತ್ತು. ಕಂಡದ್ದೇ ಕಾಗದಕ್ಕೆ ಬರುತ್ತದೆ ಎಂದಾದ ಮೇಲೆ ಕಾಣುವುದಷ್ಟೇ ಮುಖ್ಯ ಎಂದು ಜನ ನಂಬಿದರು. ಟೈಪ್‌ರೈಟರಿನಲ್ಲಿ ಪಳಗಿದ ಕೈಗಳಿಗಂತೂ ಇದು ಹಳೆಯ ಯಂತ್ರದ ಸುಧಾರಿತ ರೂಪ. ತಲೆಬರಹ ನಡುವೆ ಬರಬೇಕೆ? ಸ್ಪೇಸ್ ಬಾರ್ ಒತ್ತು. ಹೊಸ ಪುಟ ಬೇಕೆ? ಎಂಟರ್ ಒತ್ತುತ್ತಲೇ ಇರು. ಸರ್ಕಾರಿ ಸುತ್ತೋಲೆಯೊಂದನ್ನು ಒಬ್ಬರು ಇಪ್ಪತ್ತು ಎಂಟರ್ ಒತ್ತಿ ಮುಂದಿನ ಪುಟಕ್ಕೆ ತಳ್ಳಿರುತ್ತಾರೆ. ಇನ್ನೊಬ್ಬರ ಪ್ರಿಂಟರಿನಲ್ಲಿ ಅದು ಅರ್ಧ ಪುಟ ಖಾಲಿ ಬಿಟ್ಟು ತಲೆಬರಹವನ್ನು ಕೆಳತುದಿಯಲ್ಲಿ ಒಂಟಿಯಾಗಿ ನಿಲ್ಲಿಸುತ್ತದೆ. ಹೆಡಿಂಗ್ ಸ್ಟೈಲಿನೊಳಗೆ ಮುಂದಿನ ಪ್ಯಾರಾವನ್ನು ಬಿಟ್ಟು ಹೋಗಬೇಡ ಎಂಬ ಸೂಚನೆ ಮೊದಲೇ ಇರುತ್ತದೆ. ಅದಕ್ಕೆ ಸ್ಟೈಲ್ ಹಚ್ಚಿದ ತಲೆಬರಹ ಪುಟದ ಬುಡದಲ್ಲಿ ಅನಾಥವಾಗುವುದಿಲ್ಲ.

ಇಲ್ಲಿಯವರೆಗಿನದು ಯಾವ ಭಾಷೆಯವರಿಗೂ ಹೊಂದುವ ಕಥೆ. ಕನ್ನಡದವರು ತಲೆಬರಹಗಳ ಈ ಎಡಗಡೆಯ ಕಿಟಕಿಯನ್ನು ಬಳಸದೇ ಇದ್ದುದಕ್ಕೆ ನಮ್ಮದೇ ಆದ ಇನ್ನೊಂದು ಕಾರಣವಿದೆ, ಅದು ಸಾಕಷ್ಟು ನ್ಯಾಯವಾದದ್ದೂ ಹೌದು.

ತೊಂಬತ್ತರ ದಶಕದ ಕೊನೆಯಲ್ಲಿ ಮತ್ತು ಆಮೇಲಿನ ವರ್ಷಗಳಲ್ಲಿ ಕನ್ನಡಿಗರ ಕೈಗೆ ಕಂಪ್ಯೂಟರಿನಲ್ಲಿ ಕನ್ನಡ ಕೊಟ್ಟದ್ದು ಶೇಷಾದ್ರಿವಾಸು ಅವರ ಬರಹ, ಕನ್ನಡ ಗಣಕ ಪರಿಷತ್ತಿನ ನುಡಿ ಎಂಬ ತಂತ್ರಾಂಶಗಳು. ಆಗಿನ ಕಂಪ್ಯೂಟರುಗಳಲ್ಲಿ ಒಂದು ಫಾಂಟಿಗೆ ಇದ್ದ ಮನೆಗಳು ಹೆಚ್ಚೆಂದರೆ 256. ಅಷ್ಟರಲ್ಲೇ ಕನ್ನಡದ ಮೂಲಾಕ್ಷರ, ಗುಣಿತದ ಚಿಹ್ನೆ, ಒತ್ತುಗಳನ್ನೆಲ್ಲ ಕೂರಿಸಬೇಕಿತ್ತು. ಅದಕ್ಕೆ ಕಂಡುಕೊಂಡ ಉಪಾಯ ಜಾಣತನದ್ದು: ರೋಮನ್ ಅಕ್ಷರಗಳ ಮನೆಗಳಲ್ಲೇ ಕನ್ನಡದ ತುಣುಕುಗಳನ್ನು ಬಾಡಿಗೆಗೆ ಇಡುವುದು. ಅಕ್ಷರ ಕಣ್ಣಿಗೆ ಕನ್ನಡ, ಕಂಪ್ಯೂಟರಿನ ಲೆಕ್ಕಕ್ಕೆ ಇಂಗ್ಲಿಷ್. 'ಕನ್ನಡ' ಎಂಬ ಪದವನ್ನೇ ತೆಗೆದುಕೊಳ್ಳಿ. ಹಳೆಯ ನುಡಿ ಫಾಂಟಿನಲ್ಲಿ ಬರೆದ ಈ ಮೂರಕ್ಷರದ ವೇಷ ಕಳಚಿದರೆ ಸಿಗುವುದು ಏಳು ಗುರುತುಗಳು: ಇಂಗ್ಲಿಷಿನ ದೊಡ್ಡ ಪಿ, ತಲೆಯ ಮೇಲೆ ಓರೆಗೀಟು ಹೊತ್ತ ಎ, ಬ್ರಿಟಿಷ್ ಪೌಂಡಿನ ಚಿಹ್ನೆ, ಮತ್ತೆ ಅದೇ ಎ, ಜರ್ಮನ್ ಭಾಷೆಯ ಜೋಡಿ ಎಸ್, ಒಂದು ಸಣ್ಣ ಕ್ಯೂ, ಕೊನೆಗೆ ಮತ್ತೊಮ್ಮೆ ಗೀಟಿನ ಎ. ನಮ್ಮ ನುಡಿಯ ಹೆಸರಿನ ನಡುವೆ ಪೌಂಡು ಕೂತಿದೆ ಎಂದು ಎಷ್ಟು ಜನಕ್ಕೆ ಗೊತ್ತಿತ್ತು?

ಈಗ ಅಂಥ ಕಡತದಲ್ಲಿ ಒಂದು ಸಾಲಿಗೆ ಹೆಡಿಂಗ್ 1 ಹಚ್ಚಿ ನೋಡಿ. ಸ್ಟೈಲ್ ತನ್ನ ಫಾಂಟನ್ನು ತಂದು ಹೇರುತ್ತದೆ. ನುಡಿ ಫಾಂಟಿನ ವೇಷ ಕಳಚಿಬೀಳುತ್ತದೆ. 'ಸಂಶೋಧನೆಯ ಉದ್ದೇಶಗಳು' ಇದ್ದ ಜಾಗದಲ್ಲಿ ನೀಲಿ ಬಣ್ಣದ ಪೌಂಡು, ಟೋಪಿ, ಗೀಟುಗಳ ಮೆರವಣಿಗೆ. ಆಪರೇಟರಿನ ಎದೆ ಒಂದು ಕ್ಷಣ ನಿಂತೇಹೋಗುತ್ತದೆ. 'ಸಾರ್, ಅದನ್ನ ಮುಟ್ಟಬೇಡಿ, ಕನ್ನಡ ಹೋಗ್ತದೆ' ಎಂಬ ಡಿಟಿಪಿ ಲೋಕದ ಗಾದೆ ಹುಟ್ಟಿದ್ದು ಹೀಗೆ.

ಹುಷಾರಾದವರು ಹೆಡಿಂಗ್ ಸ್ಟೈಲಿನ ಫಾಂಟನ್ನೇ ನುಡಿಗೆ ಬದಲಿಸಿಕೊಂಡರು. ಆಗ ಪುಟದಲ್ಲಿ ಕನ್ನಡ ಸರಿಯಾಗಿ ನಿಂತಿತು. ಪರಿವಿಡಿಯ ಸ್ಟೈಲುಗಳಿಗೂ ಅದೇ ಫಾಂಟು ಕೊಟ್ಟರೆ ಪರಿವಿಡಿಯೂ ಸರಿಹೋಯಿತು. ಆದರೆ ಎಡಗಡೆಯ ಕಿಟಕಿ ಮಾತ್ರ ಹಟ ಬಿಡಲಿಲ್ಲ. ಆ ಕಿಟಕಿ ಕಡತದ ಫಾಂಟನ್ನು ನೋಡುವುದೇ ಇಲ್ಲ, ತನ್ನದೇ ಫಾಂಟಿನಲ್ಲಿ ತೋರಿಸುತ್ತದೆ. ಹಾಗಾಗಿ ಪುಟದಲ್ಲಿ ಅಚ್ಚುಕಟ್ಟಾದ ಕನ್ನಡ, ಪಕ್ಕದ ನಕ್ಷೆಯಲ್ಲಿ ಪೌಂಡು ಟೋಪಿಗಳ ಸಂತೆ. ಇಂಗ್ಲಿಷಿನವರಿಗೆ ದಾರಿ ತೋರಿಸಿದ ಕಿಟಕಿ ಕನ್ನಡದವರಿಗೆ ಅಷ್ಟು ವರ್ಷ ಕುರುಡಾಗಿತ್ತು.

ಎರಡೂ ಒಂದೇ ಜಾತಿಯ ಯಡವಟ್ಟು ಎಂಬುದು ಇಲ್ಲಿ ಗಮನಿಸಬೇಕಾದದ್ದು. ದಪ್ಪ ಮಾಡಿದ ಸಾಲು ತಲೆಬರಹದಂತೆ ಕಾಣುತ್ತದೆ, ತಲೆಬರಹವಲ್ಲ. ಹಳೆಯ ಫಾಂಟಿನ ಪೌಂಡು 'ನ'ದಂತೆ ಕಾಣುತ್ತದೆ, 'ನ' ಅಲ್ಲ. ಒಂದು ಕಡೆ ಸಾಲು, ಇನ್ನೊಂದು ಕಡೆ ಅಕ್ಷರ, ಎರಡೂ ಕಣ್ಣಿಗಷ್ಟೇ ಹಾಕಿದ ವೇಷ. ಅಕ್ಷರದ ಮಟ್ಟದಲ್ಲಿ ಈ ಗಂಟನ್ನು ಬಿಡಿಸಿದ್ದು ಯೂನಿಕೋಡ್. 1991ರ ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ವಂತ ಮನೆಗಳು ಸಿಕ್ಕಿದ್ದವು. ನಮ್ಮ ಮೇಜಿನ ಮೇಲೆ ಅದು ಬಂದದ್ದು ತಡವಾಗಿ, ವಿಂಡೋಸ್ ಎಕ್ಸ್‌ಪಿ ಮತ್ತು ಅದರ ತುಂಗಾ ಫಾಂಟಿನ ಜೊತೆ. ಇವತ್ತಿನ ನುಡಿಯಲ್ಲೂ ಬರಹದಲ್ಲೂ ಯೂನಿಕೋಡ್ ಇದೆ. ಯೂನಿಕೋಡಿನಲ್ಲಿ ಬರೆದ ಕಡತದಲ್ಲಿ ಕಿಟಕಿ ತೆರೆದರೆ ತಲೆಬರಹಗಳು ಕನ್ನಡದಲ್ಲೇ ಕಾಣುತ್ತವೆ, ಯಾವ ಸ್ಟೈಲ್ ಹಚ್ಚಿದರೂ 'ಕನ್ನಡ ಹೋಗುವುದಿಲ್ಲ'. ಆದರೆ ಗಾದೆ ಹೋಗಲಿಲ್ಲ. ಹಳೆಯ ಕಡತಗಳಿರುವ ಕಚೇರಿಗಳಲ್ಲಿ, ಹಳೆಯ ಫಾಂಟನ್ನೇ ಬೇಡುವ ಅಚ್ಚುಕೂಟಗಳಲ್ಲಿ ಅದಿನ್ನೂ ಚಲಾವಣೆಯಲ್ಲಿದೆ.

ಯೂನಿಕೋಡಿಗೆ ಬಂದವರಿಗೂ ಒಂದು ಕಿರಿಕಿರಿ ಕಾದಿರುತ್ತದೆ, ಅದನ್ನು ಮೊದಲೇ ತಿಳಿದಿದ್ದರೆ ತಲೆನೋವು ಕಡಿಮೆ. ಸ್ಟೈಲಿನಲ್ಲಿ ಫಾಂಟಿನ ಗಾತ್ರ ಹೆಚ್ಚಿಸಿದರೂ ಕೆಲವೊಮ್ಮೆ ಇಂಗ್ಲಿಷ್ ಪದ ದೊಡ್ಡದಾಗುತ್ತದೆ, ಪಕ್ಕದ ಕನ್ನಡ ಇದ್ದಷ್ಟೇ ಇರುತ್ತದೆ. ತಂತ್ರಾಂಶಗಳು ರೋಮನ್ ಲಿಪಿಗೊಂದು, ಕನ್ನಡ, ದೇವನಾಗರಿ, ಅರಬ್ಬಿಯಂಥ ಲಿಪಿಗಳಿಗೆ ಇನ್ನೊಂದು ಎಂದು ಬೇರೆ ಬೇರೆ ಲೆಕ್ಕ ಇಟ್ಟುಕೊಳ್ಳುವುದೇ ಇದಕ್ಕೆ ಕಾರಣ. ಎರಡನೆಯದಕ್ಕೆ 'ಕಾಂಪ್ಲೆಕ್ಸ್' ಎಂದು ಹೆಸರು. ಕನ್ನಡ ಸಂಕೀರ್ಣ, ಇಂಗ್ಲಿಷ್ ಸರಳ ಎಂಬ ಈ ವಿಂಗಡಣೆಗೆ ಬೇಸರಪಡುವವರು ಪಡಬಹುದು, ಬದಲಾವಣೆ ಮಾತ್ರ ಆ ಹೆಸರಿನ ಅಡಿಯಲ್ಲೇ ಮಾಡಬೇಕು. ಲಿಬ್ರೆ ಆಫೀಸಿನಲ್ಲಿ ಸ್ಟೈಲ್ ತಿದ್ದುವಾಗ ಫಾಂಟಿನ ಪುಟದಲ್ಲಿ ಇದಕ್ಕೆ ಬೇರೆ ಭಾಗವಿದೆ. ವರ್ಡ್‌ನಲ್ಲಿ ಅಂಥ ಭಾಷೆಯನ್ನು ಸೇರಿಸಿಕೊಂಡ ಮೇಲೆ ಫಾಂಟಿನ ಪೆಟ್ಟಿಗೆಯಲ್ಲಿ ಆ ಸಾಲು ಕಾಣಿಸಿಕೊಳ್ಳುತ್ತದೆ.

ತಲೆಬರಹದ ಹೆಸರಿಲ್ಲದ ಕಡತದಿಂದ ಕಣ್ಣಿದ್ದವರಿಗೆ ಆಗುವುದು ಕಿರಿಕಿರಿ. ಕಣ್ಣಿಲ್ಲದವರಿಗೆ ಬಾಗಿಲೇ ಮುಚ್ಚುತ್ತದೆ. ಅಂಧ ವಿದ್ಯಾರ್ಥಿಗಳು, ನೌಕರರು ಕಂಪ್ಯೂಟರ್ ಬಳಸುವುದು ಪರದೆಯಲ್ಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ಸ್ಕ್ರೀನ್ ರೀಡರ್ ನೆರವಿನಿಂದ. ಎನ್‌ವಿಡಿಎ ಎಂಬ ಉಚಿತ ಓದುಗವನ್ನು 2006ರಲ್ಲಿ ಶುರುಮಾಡಿದ ಆಸ್ಟ್ರೇಲಿಯಾದ ಮೈಕೆಲ್ ಕರ್ರನ್ ಸ್ವತಃ ದೃಷ್ಟಿಯಿಲ್ಲದವರು. ಅದರ ಜೊತೆಗೇ ಬರುವ ಇ-ಸ್ಪೀಕ್ ಧ್ವನಿ ಕನ್ನಡವನ್ನೂ ಓದುತ್ತದೆ, ಸ್ವಲ್ಪ ಯಂತ್ರದ ಗಂಟಲಿನಲ್ಲಿ.

ದೃಷ್ಟಿಯಿಲ್ಲದವರು ಓದುವ ಬಗೆಯನ್ನು ಒಮ್ಮೆ ಪಕ್ಕದಲ್ಲಿ ಕೂತು ಕೇಳಬೇಕು. ಮೊದಲ ಪದದಿಂದ ಕೊನೆಯ ಪದದವರೆಗೆ ಯಾರೂ ಕೇಳುತ್ತಾ ಕೂರುವುದಿಲ್ಲ. ಎನ್‌ವಿಡಿಎಯ ಬ್ರೌಸ್ ಸ್ಥಿತಿಗೆ ಹೋಗಿ ಎಚ್ ಎಂಬ ಕೀಲಿ ಒತ್ತುತ್ತಾರೆ. ಓದುಗ ಮುಂದಿನ ತಲೆಬರಹಕ್ಕೆ ಹಾರಿ ಅದರ ಹೆಸರನ್ನೂ ಹಂತವನ್ನೂ ಹೇಳುತ್ತದೆ. ಬೇಡವಾದರೆ ಮತ್ತೊಮ್ಮೆ ಎಚ್. ಅಧ್ಯಾಯಗಳಷ್ಟೇ ಸಾಕಾದರೆ 1, ಉಪಶೀರ್ಷಿಕೆಗಳಿಗೆ 2. ನಾವು ಪುಟ ತಿರುವಿ ಕಣ್ಣಾಡಿಸುವುದನ್ನು ಅವರು ಕಿವಿಯಾಡಿಸಿ ಮಾಡುತ್ತಾರೆ. ಅಮೆರಿಕದ ವೆಬ್‌ಏಮ್ ಸಂಸ್ಥೆ 2021ರಲ್ಲಿ ಸ್ಕ್ರೀನ್ ರೀಡರ್ ಬಳಕೆದಾರರ ಸಮೀಕ್ಷೆ ನಡೆಸಿತು. ಉದ್ದನೆಯ ವೆಬ್ ಪುಟದಲ್ಲಿ ಬೇಕಾದದ್ದನ್ನು ಹೇಗೆ ಹುಡುಕುತ್ತೀರಿ ಎಂದರೆ ಮೂವರಲ್ಲಿ ಸುಮಾರು ಇಬ್ಬರು ತಲೆಬರಹಗಳ ಮೂಲಕ ಎಂದರು.

ಬರೀ ಬೋಲ್ಡ್ ಮಾಡಿದ ಕಡತದಲ್ಲಿ ಎಚ್ ಒತ್ತಿದರೆ ತಲೆಬರಹಗಳೇ ಇಲ್ಲ ಎಂಬ ಉತ್ತರ ಬರುತ್ತದೆ. ನೂರು ಪುಟದ ಪಠ್ಯ ಕೊನೆಯಿಲ್ಲದ ಒಂದೇ ಪ್ಯಾರಾದಂತಾಗುತ್ತದೆ. ಅದು ಹಳೆಯ ಫಾಂಟಿನದ್ದೂ ಆಗಿದ್ದರೆ ಓದುಗದ ಬಾಯಿಂದ ಬರುವುದು ಪೌಂಡು, ಕ್ಯೂ, ಎಗಳ ಪ್ರವಾಹ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 42ನೇ ಕಲಮು ಮುದ್ರಿತ ಮತ್ತು ವಿದ್ಯುನ್ಮಾನ ಮಾಧ್ಯಮದ ವಿಷಯಗಳು ಅವರಿಗೆ ನಿಲುಕುವ ರೂಪದಲ್ಲಿರುವಂತೆ ನೋಡಿಕೊಳ್ಳುವ ಹೊಣೆಯನ್ನು ಸರ್ಕಾರಗಳ ಮೇಲೆ ಹೊರಿಸಿದೆ. ಅಂಥ ರೂಪದ ಮೊದಲ ಮೆಟ್ಟಿಲು ಇದೇ, ಖರ್ಚು ಮೂರು ಕೀಲಿಗಳಷ್ಟು.

ಕಿವಿಯಿಂದ ಓದುವವರಿಗೆ ದಾರಿಗುರುತು ಬೇಕು ಎಂಬುದು ಕನ್ನಡಕ್ಕೆ ಹೊಸ ವಿಷಯವೇನಲ್ಲ. ಪಂಪನ ವಿಕ್ರಮಾರ್ಜುನ ವಿಜಯ ಹದಿನಾಲ್ಕು ಆಶ್ವಾಸಗಳಲ್ಲಿ ನಿಂತಿದೆ. ಗಮಕಿಯ ಬಾಯಲ್ಲಿ ಊರೆಲ್ಲ ಕೇಳಿದ ಕುಮಾರವ್ಯಾಸ ಭಾರತದಲ್ಲಿ ಹತ್ತು ಪರ್ವ, ಪರ್ವದೊಳಗೆ ಸಂಧಿಗಳು. ಪ್ರತಿ ಸಂಧಿಯ ತಲೆಯಲ್ಲಿ ಮುಂದಿನ ಕಥೆಯನ್ನು ಚುಟುಕಾಗಿ ಹೇಳುವ ಸೂಚನೆಯ ಪದ್ಯ. ಕೃಷ್ಣ ಸಂಧಾನಕ್ಕೆ ಹೊರಟ ಕಥೆ ಬೇಕು ಎಂದರೆ ಗಮಕಿ ಮೊದಲ ಗರಿಯಿಂದ ತಿರುವುತ್ತಾ ಬರಲಿಲ್ಲ, ಉದ್ಯೋಗಪರ್ವ ತೆಗೆದ. ಅಲ್ಲಿ ಪರ್ವ ಹೆಡಿಂಗ್ 1, ಸಂಧಿ ಹೆಡಿಂಗ್ 2 ಎಂದರೆ ಕವಿ ಮುನಿಯಲಾರ. ಕನ್ನಡ ವಿಕಿಪೀಡಿಯದಲ್ಲಿ ಬರೆಯುವವರಿಗೂ ಇದು ಕರಗತ. ಅಲ್ಲಿ ತಲೆಬರಹದ ಎರಡೂ ಬದಿಗೆ ಎರಡೆರಡು ಸಮಚಿಹ್ನೆ ಹಾಕಿದರೆ ಅದು ಭಾಗದ ಹೆಸರು, ಮೂರು ಹಾಕಿದರೆ ಉಪಭಾಗ. ಪರಿವಿಡಿಯನ್ನು ವಿಕಿಯೇ ಕಟ್ಟಿಕೊಳ್ಳುತ್ತದೆ.

ಎಡವುವ ಕೆಲವು ಜಾಗಗಳೂ ಇವೆ. ಅಂದವಾಗಿ ಕಾಣಲಿ ಎಂದು ಅಧ್ಯಾಯದ ಹೆಸರನ್ನು ಟೆಕ್ಸ್ಟ್ ಬಾಕ್ಸಿನೊಳಗೋ ಕೋಷ್ಟಕದೊಳಗೋ ಕೂರಿಸಿದರೆ ಸ್ಟೈಲ್ ಹಚ್ಚಿದ್ದರೂ ವರ್ಡ್‌ನ ಕಿಟಕಿಯಲ್ಲಿ ಅದು ಕಾಣುವುದಿಲ್ಲ. ಅಕ್ಷರ ದೊಡ್ಡದಾಗಿ ಕಾಣಲಿ ಎಂದು ಇಡೀ ಪ್ಯಾರಾಕ್ಕೆ ಹೆಡಿಂಗ್ ಹಚ್ಚುವವರೂ ಇದ್ದಾರೆ. ಆಗ ಪರಿವಿಡಿಯಲ್ಲಿ ಒಂದು ಪ್ರಬಂಧವೇ ಮೂಡುತ್ತದೆ. ಪಿಡಿಎಫ್ ಮಾಡುವಾಗ ಪ್ರಿಂಟ್ ಮೂಲಕ ಹೋದರೆ ತಲೆಬರಹಗಳ ಹೆಸರೆಲ್ಲ ಅಲ್ಲೇ ಉದುರಿಹೋಗುತ್ತವೆ. ಸೇವ್ ಆ್ಯಸ್ ಮೂಲಕ ಹೋಗಿ, ಆಯ್ಕೆಗಳಲ್ಲಿ ತಲೆಬರಹಗಳಿಂದ ಬುಕ್‌ಮಾರ್ಕ್ ಮಾಡು ಎಂಬುದಕ್ಕೆ ಗುರುತು ಹಾಕಿದರೆ ಪಿಡಿಎಫ್‌ನ ಪಕ್ಕದಲ್ಲೂ ಅದೇ ನಕ್ಷೆ ಬರುತ್ತದೆ.

ಇನ್ನೂರೈವತ್ತು ಪುಟ ಈಗಾಗಲೇ ಬೋಲ್ಡ್ ಮಾಡಿಯೇ ಮುಗಿದಿದ್ದರೆ? ಕಡತ ಯೂನಿಕೋಡಿನಲ್ಲಿದ್ದರೆ ಆಗಲೂ ರಾತ್ರಿ ಹತ್ತರವರೆಗೆ ಕೂರಬೇಕಿಲ್ಲ. ಎಲ್ಲ ಅಧ್ಯಾಯಗಳಿಗೂ ಒಂದೇ ಫಾಂಟು, ಒಂದೇ ಗಾತ್ರ ಕೊಟ್ಟಿದ್ದರೆ ಅವುಗಳಲ್ಲೊಂದನ್ನು ಆರಿಸಿಕೊಂಡು, ಹೋಮ್ ಪಟ್ಟಿಯ ಬಲತುದಿಯ ಸೆಲೆಕ್ಟ್‌ನಲ್ಲಿ ಇದೇ ರೂಪದ ಬರಹವನ್ನೆಲ್ಲ ಆರಿಸು ಎಂಬುದನ್ನು ಒತ್ತಬೇಕು. ಕಡತದುದ್ದಕ್ಕೂ ಅಂಥ ಸಾಲುಗಳೆಲ್ಲ ಒಮ್ಮೆಗೇ ಬೂದು ಬಣ್ಣ ತಾಳುತ್ತವೆ. ಆಮೇಲೆ ಹೆಡಿಂಗ್ 1. ಉಪಶೀರ್ಷಿಕೆಗಳಿಗೂ ಹೀಗೇ ಮಾಡಿ ಹೆಡಿಂಗ್ 2. ಅಲ್ಲಿಯವರೆಗೆ ಖಾಲಿಯಿದ್ದ ಎಡಗಡೆಯ ಕಿಟಕಿಯಲ್ಲಿ ಮೇಲಿಂದ ಕೆಳಗೆ ಅಧ್ಯಾಯಗಳು ಸಾಲುಗಟ್ಟುತ್ತವೆ. ಮೊದಲ ಸಲ ನೋಡುವವರು ಸ್ಟೂಲಿನಿಂದ ಸ್ವಲ್ಪ ಮುಂದಕ್ಕೆ ಬಾಗುತ್ತಾರೆ.

ಸಾಲುಗಳ ನಡುವೆ ಒಂದೆರಡು ಖಾಲಿ ಜಾಗಗಳು ಕಾಣುವುದೂ ಉಂಟು. ಹೆಸರಿಲ್ಲ, ಆದರೂ ಒತ್ತಲು ಬರುತ್ತದೆ. ಒತ್ತಿದರೆ ಕರ್ಸರ್ ನೂರಾ ಹನ್ನೆರಡನೇ ಪುಟದ ಒಂದು ಬಿಳಿ ಜಾಗದಲ್ಲಿ ಹೋಗಿ ಮಿಟುಕುತ್ತದೆ. ಎಂದೋ ಯಾರೋ ತಲೆಬರಹದ ಕೆಳಗೆ ಜಾಗ ಬಿಡಲೆಂದು ಒತ್ತಿದ ಎಂಟರ್, ಹದಿನಾರು ಸೈಜಿನಲ್ಲಿ, ಬೋಲ್ಡ್ ಆಗಿ, ಅಲ್ಲೇ ಕೂತಿರುತ್ತದೆ.